ಪ್ಲಾನ್ 9ಗೆ ಓಡಿಬಿಸಿ ಒಯ್ಯಬಹುದಾ? ಕಾಟಾಮನೆಯಿಂದ ಪೋಸ್ಟ್‌ಗ್ರೆಸ್‌ಗೆ ದಾರಿ ಬೇಕು

ಕಾಟಾಮನಿ ಹುಡುಗ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ ಇದೆ, ಓದಿ ನಗಬೇಡಿ.

ನಾನು ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್‌ನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ಅಂತ ಹೆಸರಿಗೆ ಅಷ್ಟೇ. ಪ್ರಿಂಟರ್, ಸಿಸಿಟಿವಿ, ಯುಪಿಎಸ್ ಬ್ಯಾಟರಿಗೆ ನೀರು ಹಾಕುವುದು, ಸಾಹುಕಾರರ ಮೊಬೈಲ್, ಎಲ್ಲ ನನ್ನ ಪಾಲಿಗೇ. ಗೇಟಿನ ಪಕ್ಕ ಲಾರಿ ತೂಗುವ ಕಾಟಾ ಇದೆ. ಅದರ ಇಂಡಿಕೇಟರ್ ಡಬ್ಬಿಯಿಂದ ಒಂದು ಸೀರಿಯಲ್ ಕೇಬಲ್ ಹಳೆಯ ಕೋರ್ 2 ಡ್ಯುಯೊ ಡೆಸ್ಕ್‌ಟಾಪ್‌ಗೆ ಬರುತ್ತದೆ. ಆ ಡೆಸ್ಕ್‌ಟಾಪ್‌ನಲ್ಲಿ 9ಫ್ರಂಟ್ ಓಡುತ್ತಿದೆ. ಹೌದು, ಪ್ಲಾನ್ 9. ಬೆಲ್ ಲ್ಯಾಬ್ಸ್‌ನವರು ಯುನಿಕ್ಸ್ ಆದ ಮೇಲೆ ಕಟ್ಟಿದ ಓಎಸ್. 2011ರಲ್ಲಿ ಅದರಿಂದ ಕವಲೊಡೆದದ್ದು 9ಫ್ರಂಟ್.

ಯಾಕೆ ಇದೇ ಬೇಕು ಅಂತ ಕೇಳಿಯೇ ಕೇಳುತ್ತೀರಿ, ಅದಕ್ಕೆ ಮೊದಲೇ ಹೇಳುತ್ತೇನೆ. ಇದರಲ್ಲಿ ಸೀರಿಯಲ್ ಪೋರ್ಟ್ ಅಂದ್ರೆ ಸುಮ್ನೆ ಒಂದು ಫೈಲ್. /ಡೆವ್/ಇಐಎ0ಸಿಟಿಎಲ್ ಅನ್ನೋ ಫೈಲಿಗೆ ಬಿ9600 ಅಂತ ಎಕೋ ಮಾಡಿದರೆ ವೇಗ ಹೊಂದಿತು. /ಡೆವ್/ಇಐಎ0 ಫೈಲನ್ನು ಕ್ಯಾಟ್ ಮಾಡಿದರೆ ತೂಕ ಹರಿದು ಬರುತ್ತದೆ. ಲೈಬ್ರರಿ ಇಲ್ಲ, ಸಾಧನಕ್ಕೆ ಆಜ್ಞೆ ಕೊಡುವ ಐಆಕ್ಟಲ್ ಅನ್ನೋ ಕರೆಯೂ ಇಲ್ಲ. ಲಾರಿ ಕಾಟಾ ಮೇಲೆ ಅಲುಗಾಡುವಾಗ ಅಂಕಿಯೂ ಕುಣಿಯುತ್ತದೆ. ಒಂದೇ ಅಂಕಿ ಸತತವಾಗಿ ಬಂದ ಮೇಲೆ ಅದನ್ನು ಹಿಡಿಯುವ ಒಂದು ಪುಟ್ಟ ಆಕ್ ಸ್ಕ್ರಿಪ್ಟ್ ಬರೆದಿದ್ದೇನೆ. ಒಂದು ಪರದೆಗಿಂತ ಚಿಕ್ಕದು. ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ.

ತೊಂದರೆ ಇರೋದು ಇದರ ಮುಂದೆ. ತೂಕದ ಚೀಟಿ ಆಫೀಸಿನ ಲಿನಕ್ಸ್ ಮಷೀನ್‌ನಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹೋಗಬೇಕು. ತುಂಬಿದ ಗಾಡಿ ಒಳಗೆ ಬರುವಾಗ ಒಂದು ತೂಕ, ಖಾಲಿಯಾಗಿ ಹೊರಗೆ ಹೋಗುವಾಗ ಇನ್ನೊಂದು. ಈಗ ಏನಾಗುತ್ತಿದೆ ಅಂದ್ರೆ ಗೇಟಿನಲ್ಲಿ ಕಾಗದದ ಮೇಲೆ ಬರೆದದ್ದನ್ನು ಮುನೀಮರು ಸಂಜೆ ಕೂತು ಟೈಪ್ ಮಾಡುತ್ತಾರೆ. ಜನವರಿ ಬಂತು ಅಂದ್ರೆ ತೊಗರಿ ಆವಕ ಶುರು. ಗಾಡಿಗಳ ಸಾಲು ಹುಮನಾಬಾದ್ ರಸ್ತೆಯವರೆಗೂ ನಿಲ್ಲುತ್ತದೆ. ಆಗ ಸಂಜೆ ಟೈಪ್ ಮಾಡೋದು ರಾತ್ರಿ ಆಗುತ್ತದೆ, ರಾತ್ರಿಯದ್ದು ನಾಳೆಗೆ ಹೋಗುತ್ತದೆ.

ಆಫೀಸಿನಲ್ಲಿ ಲಿಬ್ರೆಆಫೀಸ್‌ನಿಂದ ಹಿಡಿದು ಲೆಕ್ಕದ ಸಾಫ್ಟ್‌ವೇರ್‌ವರೆಗೆ ಎಲ್ಲವೂ ಓಡಿಬಿಸಿ (ಯಾವ ಡೇಟಾಬೇಸ್ ಆದರೂ ಒಂದೇ ರೀತಿ ಮಾತಾಡಿಸುವ ಸೇತುವೆ) ಮೂಲಕವೇ ಪೋಸ್ಟ್‌ಗ್ರೆಸ್ ಜತೆ ಮಾತಾಡುತ್ತವೆ. ಹಾಗಾಗಿ ಯುನಿಕ್ಸ್‌ಓಡಿಬಿಸಿ (ಓಡಿಬಿಸಿಯ ಯುನಿಕ್ಸ್ ರೂಪ) ಮತ್ತು ಪೋಸ್ಟ್‌ಗ್ರೆಸ್‌ನ ಓಡಿಬಿಸಿ ಡ್ರೈವರ್ ಎರಡನ್ನೂ 9ಫ್ರಂಟ್‌ಗೆ ಪೋರ್ಟ್ ಮಾಡಬೇಕು, ಅಂದ್ರೆ ಅಲ್ಲಿ ಓಡುವ ಹಾಗೆ ತರಬೇಕು ಅಂತ ಕೂತೆ. ಪೋಸಿಕ್ಸ್ (ಯುನಿಕ್ಸ್ ಮಾದರಿಯ) ಪ್ರೋಗ್ರಾಂಗಳಿಗೆ ಅಂತ ಪ್ಲಾನ್ 9ನಲ್ಲಿ ಏಪ್ ಅನ್ನೋ ಪರಿಸರ ಇದೆಯಲ್ಲ, ಅದರಲ್ಲಿ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸಿದೆ. ಓಡುವಾಗ ಲೈಬ್ರರಿ ತೆರೆಯುವ ಡಿಎಲ್‌ಓಪನ್ ಸಿಗಲಿಲ್ಲ ಅಂತ ನಿಂತಿತು. ಡ್ರೈವರ್‌ಗಳನ್ನು ಸ್ಟ್ಯಾಟಿಕ್ ಆಗಿ, ಅಂದ್ರೆ ಪ್ರೋಗ್ರಾಂ ಒಳಗೇ ಸೇರುವ ಹಾಗೆ ಲಿಂಕ್ ಮಾಡಿ ಮುಂದೆ ಹೋಗಬಹುದಾ? ಇಲ್ಲಾ ಓಡಿಬಿಸಿ ಬಿಟ್ಟು ಲಿಬ್‌ಪಿಕ್ಯೂ (ಪೋಸ್ಟ್‌ಗ್ರೆಸ್‌ನ ಸ್ವಂತ ಸಿ ಲೈಬ್ರರಿ) ಒಂದನ್ನೇ ಪೋರ್ಟ್ ಮಾಡೋದು ಲೇಸಾ? ಪ್ಲಾನ್ 9 ಮುಟ್ಟಿದವರು ಈ ಭಾಗದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬಿದರಿ ಬಿಟ್, ಬೀದರ್

ದೋಸ್ತ್, ಆ ಮಷೀನ್‌ಗೆ ಡೆಬಿಯನ್ ಲಿನಕ್ಸ್ ಹಾಕು. ಅರ್ಧ ಗಂಟೆ ಕೆಲಸ. ಸೀರಿಯಲ್ ಓದೋಕೆ ಪೈಥಾನ್ ಇದೆ, ಪೋಸ್ಟ್‌ಗ್ರೆಸ್‌ಗೆ ಬರೆಯೋಕೂ ಪೈಥಾನ್ ಇದೆ. ತೊಗರಿ ಸೀಸನ್ ತಲೆ ಮೇಲೆ ಇಟ್ಟುಕೊಂಡು ಬೆಲ್ ಲ್ಯಾಬ್ಸ್ ಜತೆ ಯಾಕೆ ಕುಸ್ತಿ?

ಕಾಟಾಮನಿ ಹುಡುಗ, ಕಲಬುರಗಿ

ಡೆಬಿಯನ್ ಹಾಕಬಹುದು, ಗೊತ್ತು. ಆದರೆ ಗೇಟಿನ ಮಷೀನ್ ನನ್ನದೇ ದುಡ್ಡಿನಲ್ಲಿ ಗುಜರಿಯಿಂದ ತಂದದ್ದು. ಅದರಲ್ಲಿ ಏನು ಓಡಬೇಕು ಅನ್ನೋದು ಮಾತ್ರ ನನ್ನಿಷ್ಟ ಅಂತ ಸಾಹುಕಾರರ ಹತ್ತಿರ ಮೊದಲೇ ಮಾತಾಗಿದೆ. ಆಗಲೇ ಇಲ್ಲ ಅಂದ್ರೆ ನಿನ್ನ ದಾರಿಯೇ ಗತಿ.

ಭೀಮಾತೀರ, ಶಹಾಬಾದ್

ತಮ್ಮಾ, ಕಾನ್ಫಿಗರ್ ಅಲ್ಲೇ ನಿಂತದ್ದು ಒಳ್ಳೆಯದೇ ಆಯಿತು. ಮುಂದೆ ಹೋಗಲು ಬಿಟ್ಟಿದ್ದರೆ ಇನ್ನೂ ಆಳದಲ್ಲಿ ಸಿಕ್ಕಿಬೀಳುತ್ತಿದ್ದೆ.

ನಾನು ವಾಡಿ ಕಡೆ ಒಂದು ಸಿಮೆಂಟ್ ಫ್ಯಾಕ್ಟರಿಯ ಇಡಿಪಿ (ಕಂಪ್ಯೂಟರ್) ಸೆಕ್ಷನ್‌ನಲ್ಲಿ ಇದ್ದವನು, ಈಗ ರಿಟೈರ್ಡ್. ಪ್ಲಾನ್ 9 ನನಗೆ ಹುಚ್ಚು. ಮನೆಯಲ್ಲಿ ಎರಡು ಥಿಂಕ್‌ಪ್ಯಾಡ್ ಮೇಲೆ ಓಡುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿಕೋ.

ಓಡಿಬಿಸಿ ಒಳಗೆ ಏನಿದೆ ಅಂತ ಮೊದಲು ನೋಡು. 1992ರಲ್ಲಿ ಮೈಕ್ರೋಸಾಫ್ಟ್ ತಂದದ್ದು. ನಿನ್ನ ಪ್ರೋಗ್ರಾಂ ಡ್ರೈವರ್ ಮ್ಯಾನೇಜರ್‌ನ ಕರೆಯುತ್ತದೆ. ಮ್ಯಾನೇಜರ್ ಒಂದು ಐಎನ್‌ಐ ಫೈಲ್ ಓದಿ, ಯಾವ ಡೇಟಾಬೇಸ್‌ಗೆ ಯಾವ ಡ್ರೈವರ್ ಅಂತ ಹುಡುಕಿ, ಆ ಲೈಬ್ರರಿಯನ್ನು ಓಡುತ್ತಿರುವಾಗಲೇ ಒಳಗೆ ಎಳೆದುಕೊಂಡು, ಬಂದ ಕರೆಗಳನ್ನೆಲ್ಲ ಅದಕ್ಕೆ ದಾಟಿಸುತ್ತದೆ. ಅದರ ಇಡೀ ಕೆಲಸ ಇಷ್ಟೇ. ಪ್ಲಾನ್ 9ನಲ್ಲಿ ಓಡುವಾಗ ಲೈಬ್ರರಿ ಎಳೆದುಕೊಳ್ಳುವ ಏರ್ಪಾಡೇ ಇಲ್ಲ. ಎಲ್ಲ ಪ್ರೋಗ್ರಾಂಗಳೂ ಸ್ಟ್ಯಾಟಿಕ್. ಅದು ಮರೆತು ಬಿಟ್ಟದ್ದಲ್ಲ, ಬೇಕಂತಲೇ ಬಿಟ್ಟದ್ದು. ನೀನು ಹೇಳಿದ ಹಾಗೆ ಡ್ರೈವರನ್ನು ಸ್ಟ್ಯಾಟಿಕ್ ಆಗಿ ಸೇರಿಸಬಹುದು. ಸೇರಿಸಿದ ಮೇಲೆ ಮ್ಯಾನೇಜರ್‌ಗೆ ಅಲ್ಲಿ ಏನು ಕೆಲಸ? ಎತ್ತಿಲ್ಲದ ಬಂಡಿಗೆ ನೊಗ ಬಿಗಿದ ಹಾಗೆ.

ಸರಿ, ಮ್ಯಾನೇಜರ್ ಬಿಟ್ಟು ಡ್ರೈವರ್ ಮಾತ್ರ ತರುತ್ತೇನೆ ಅನ್ನುತ್ತೀಯ. ಅಲ್ಲಿ ಒಂದು ಸಣ್ಣ ಮುಳ್ಳಿದೆ. ಪ್ಲಾನ್ 9 ಸಿ ಕಂಪೈಲರ್‌ನಲ್ಲಿ ಲಾಂಗ್ ಅನ್ನೋ ಅಂಕಿಯ ಟೈಪ್ ಅಂದ್ರೆ 32 ಬಿಟ್. 64 ಬಿಟ್ ಮಷೀನ್‌ನಲ್ಲೂ 32 ಬಿಟ್ಟೇ. 64 ಬೇಕಾದರೆ ಲಾಂಗ್ ಲಾಂಗ್ ಅಂತ ಬರೆಯಬೇಕು. ಯುನಿಕ್ಸ್‌ಓಡಿಬಿಸಿಯ ಹೆಡರ್ ಫೈಲ್ ಲಾಂಗ್ ಎಷ್ಟು ಅಗಲ ಅಂತ ನೋಡಿಯೇ ಉದ್ದದ ಟೈಪನ್ನು ನಿರ್ಧರಿಸುತ್ತದೆ. ಇಲ್ಲಿ ಪಾಯಿಂಟರ್ 64 ಬಿಟ್, ಲಾಂಗ್ 32. ಕಂಪೈಲ್ ಆಗುತ್ತದೆ, ಓಡುತ್ತದೆ, ಎಲ್ಲೋ ಒಂದು ಕಡೆ ಅಂಕಿ ಅರ್ಧ ಕತ್ತರಿಸಿ ಕೂರುತ್ತದೆ. ಕ್ರಾಶ್ ಆದರೆ ಪುಣ್ಯ. ಕ್ರಾಶ್ ಆಗದೆ ತಪ್ಪು ತೂಕ ಬರೆದರೆ ಮುನೀಮರಿಗೆ ಏನಂತ ಹೇಳುತ್ತೀಯ?

ಇನ್ನು ಲಿಬ್‌ಪಿಕ್ಯೂ. ಪೋಸ್ಟ್‌ಗ್ರೆಸ್‌ನ ಕಾನ್ಫಿಗರ್ ಸ್ಕ್ರಿಪ್ಟ್‌ಗೆ ಗುರುತಿಲ್ಲದ ಓಎಸ್ ಸಿಕ್ಕರೆ, ನಿಮ್ಮ ಪ್ಲಾಟ್‌ಫಾರ್ಮ್‌ಗೆ ಇದನ್ನು ಇನ್ನೂ ಪೋರ್ಟ್ ಮಾಡಿದಂತೆ ಕಾಣುವುದಿಲ್ಲ, ಟೆಂಪ್ಲೇಟ್ ಫೋಲ್ಡರ್‌ನಲ್ಲಿ ಹತ್ತಿರದ್ದು ಯಾವುದಾದರೂ ಇದೆಯಾ ನೋಡಿ ಅಂತ ಮರ್ಯಾದೆಯಿಂದಲೇ ಹೇಳಿ ಕೈಮುಗಿಯುತ್ತದೆ. ಹಿಂದೆ ಬಿಓಎಸ್, ಕ್ಯುಎನ್‌ಎಕ್ಸ್ ತರದ ಓಎಸ್‌ಗಳಿಗೂ ಅದರಲ್ಲಿ ಜಾಗ ಇತ್ತು. 2006ರಲ್ಲಿ ಬಂದ 8.2ರಲ್ಲಿ ಅವೆರಡನ್ನೂ ಕಿತ್ತು ಹಾಕಿದರು. ನೋಡಿಕೊಳ್ಳುವವರು ಇಲ್ಲದ ಪೋರ್ಟ್‌ಗೆ ಅದೇ ಗತಿ. ಪೋಸ್ಟ್‌ಗ್ರೆಸ್ 12ರಿಂದ ಈಚೆಗೆ ಸಿ99 (ಸಿ ಭಾಷೆಯ 1999ರ ಮಾನಕ) ಬೇರೆ ಕಡ್ಡಾಯ. ಪ್ಲಾನ್ 9 ಕಂಪೈಲರ್ ಸಿ99ನಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ಒಪ್ಪಿಕೊಂಡಿದೆ.

ಅದೂ ದಾಟಿದೆ ಅಂತ ಇಟ್ಟುಕೋ. ಲಿಬ್‌ಪಿಕ್ಯೂಗೆ ಯುನಿಕ್ಸ್ ನೆಟ್‌ವರ್ಕ್‌ಗೆ ಬಳಸುವ ಬರ್ಕ್ಲಿ ಸಾಕೆಟ್ ಬೇಕು, ಯಾವುದರಲ್ಲಿ ಡೇಟಾ ಬಂತು ಅಂತ ಕಾಯುವ ಪೋಲ್ ಅಥವಾ ಸೆಲೆಕ್ಟ್ ಬೇಕು. ಪ್ಲಾನ್ 9ನಲ್ಲಿ ಸಾಕೆಟ್ ಅನ್ನೋದೇ ಇಲ್ಲ. /ನೆಟ್/ಟಿಸಿಪಿ/ಕ್ಲೋನ್ ಫೈಲ್ ತೆರೆದು ಅದಕ್ಕೆ ಕನೆಕ್ಟ್ ಅಂತ ಬರೆದರೆ ಸಂಪರ್ಕ ಆಗುತ್ತದೆ. ಏಪ್ ಅದರ ಮೇಲೆ ಸಾಕೆಟ್‌ನ ವೇಷ ಹಾಕಿ ತೋರಿಸುತ್ತದೆ. ಸೆಲೆಕ್ಟ್ ಕರೆದಾಗ ಅದು ಮಾಡುವುದನ್ನು ನೋಡಿದರೆ ನಗು ಬರುತ್ತದೆ. ಪ್ರತಿ ಫೈಲ್‌ಗೂ ಹಿಂದೆ ಒಂದೊಂದು ಪ್ರೋಸೆಸ್ ಹುಟ್ಟಿಸಿ, ಅದು ಓದಿದ್ದನ್ನು ಹಂಚಿಕೊಂಡ ಮೆಮೊರಿಯಲ್ಲಿ ಇಟ್ಟು, ಅಲ್ಲಿಂದ ನಿನಗೆ ಕೊಡುತ್ತದೆ. ನಡೆಯುತ್ತದೆ. ಆದರೆ ಚೀಟಿ ನಂಬರ್, ಗಾಡಿ ನಂಬರ್, ಎರಡು ತೂಕ, ಇಷ್ಟು ಕಳಿಸಲು ಇಷ್ಟೆಲ್ಲ ಹೊತ್ತು ತರಬೇಕಾ?

ಹಾಗಾದರೆ ಗೇಟಿನಲ್ಲೇ ಎಸ್‌ಕ್ಯೂಲೈಟ್ (ಒಂದೇ ಫೈಲಿನ ಪುಟ್ಟ ಡೇಟಾಬೇಸ್) ಇಟ್ಟು ಆಮೇಲೆ ಆಫೀಸಿಗೆ ಕಳಿಸೋಣ ಅಂತ ಯಾರಾದರೂ ಹೇಳುತ್ತಾರೆ. ಇದು ಮಾತ್ರ ನಿಜಕ್ಕೂ ಮಜಾ ಇರುವ ಕೆಲಸ. ಎಸ್‌ಕ್ಯೂಲೈಟ್ ಓಎಸ್ ಜತೆ ಮಾತಾಡುವುದು ವಿಎಫ್‌ಎಸ್ ಅನ್ನೋ ಒಂದೇ ಕಿಂಡಿಯಿಂದ. ಆ ಕಿಂಡಿಯನ್ನು ನೀನೇ ಬರೆದು ಕೊಡಬಹುದು, ಉಳಿದ ಕೋಡ್ ಮುಟ್ಟಬೇಕಿಲ್ಲ. ಅಲ್ಲಿ ಮೂರು ಕಡೆ ತಲೆ ಓಡಿಸಬೇಕು. ಯುನಿಕ್ಸ್‌ನಲ್ಲಿ ಅದು ಫೈಲಿನ ಇಂತಿಷ್ಟು ಬೈಟ್‌ಗೆ ಅಂತ ಬೀಗ ಹಾಕುತ್ತದೆ. ಪ್ಲಾನ್ 9ನಲ್ಲಿ ಬೈಟ್ ಲೆಕ್ಕದ ಬೀಗ ಇಲ್ಲ. ಒಂದು ಹೊತ್ತಿಗೆ ಒಬ್ಬರೇ ತೆರೆಯಬಹುದು ಅಂತ ಇಡೀ ಫೈಲಿಗೇ ಒಂದು ಗುರುತು ಹಾಕಬಹುದು, ಅಷ್ಟೇ. ಹಾಗಾಗಿ ಎಸ್‌ಕ್ಯೂಲೈಟ್‌ನ ಬೀಗದ ಹಂತಗಳೆಲ್ಲ ಕುಸಿದು ಒಂದೇ ಹಂತ ಆಗುತ್ತದೆ. ಓದುವವರೂ ಸಾಲಿನಲ್ಲಿ ನಿಲ್ಲಬೇಕು. ಎರಡನೆಯದು, ಫೈಲನ್ನು ಮೆಮೊರಿಯ ಹಾಗೆ ಬಳಸಲು ಬಿಡುವ ಎಮ್‌ಮ್ಯಾಪ್ ಇಲ್ಲ. ಬದಲಾವಣೆಗಳನ್ನು ಮೊದಲು ಬೇರೆ ಫೈಲಿಗೆ ಬರೆದಿಡುವ ಡಬ್ಲ್ಯುಎಎಲ್ ಜರ್ನಲ್‌ಗೆ ಹಂಚಿಕೊಂಡ ಮೆಮೊರಿ ಬೇಕು, ಆದ್ದರಿಂದ ಅದನ್ನು ಕಂಪೈಲ್ ಮಾಡುವಾಗಲೇ ತೆಗೆಯಬೇಕು, ಇಲ್ಲವೇ ಸದಾ ಒಬ್ಬನೇ ಬಳಸುವ ಮೋಡ್‌ನಲ್ಲಿ ಇಡಬೇಕು.

ಮೂರನೆಯದು ನನಗೆ ತುಂಬಾ ಇಷ್ಟ. ಡಿಸ್ಕಿಗೆ ಬರೆದದ್ದು ಖಾತ್ರಿ ಆಗಲಿ ಅಂತ ಹೇಳಲು ಯುನಿಕ್ಸ್‌ನಲ್ಲಿ ಎಫ್‌ಸಿಂಕ್ ಇದೆ. ಪ್ಲಾನ್ 9ನಲ್ಲಿ ಆ ಸಿಸ್ಟಂ ಕಾಲ್ ಇಲ್ಲ. ಫೈಲಿನ ವಿವರ ಬದಲಾಯಿಸುವ ಡಬ್ಲ್ಯುಸ್ಟ್ಯಾಟ್ ಅನ್ನೋ ಕೋರಿಕೆಯನ್ನು, ಯಾವುದನ್ನೂ ಬದಲಾಯಿಸಬೇಡ ಅಂತ ತುಂಬಿ ಕಳಿಸಬೇಕು. ಉತ್ತರ ಕೊಡುವ ಮುಂಚೆ ಈ ಫೈಲನ್ನು ಗಟ್ಟಿಯಾಗಿ ಬರೆದುಬಿಡು ಅಂತ ಫೈಲ್ ಸರ್ವರ್ ಅದನ್ನು ಅರ್ಥ ಮಾಡಿಕೊಳ್ಳಬಹುದು ಅಂತ ಕೈಪಿಡಿಯಲ್ಲೇ ಇದೆ. ಅರ್ಥ ಮಾಡಿಕೊಳ್ಳಲೇಬೇಕು ಅಂತ ಇಲ್ಲ. ನಿನ್ನ ಫೈಲ್ ಸರ್ವರ್ ಏನು ಮಾಡುತ್ತದೆ ಅಂತ ಸೋರ್ಸ್ ತೆರೆದು ನೋಡಬೇಕು. ಮೇ ತಿಂಗಳಲ್ಲಿ ನಮ್ಮ ಕಡೆ ಕರೆಂಟ್ ಹೋಗುವ ರೀತಿ ನಿನಗೆ ಗೊತ್ತಲ್ಲ, ಇದು ಸಣ್ಣ ಮಾತಲ್ಲ.

ಅದರ ರುಚಿ ಬೇಕಾದರೆ ಮಳೆಗಾಲದಲ್ಲಿ ಕೂತು ಮಾಡು. ಸೀಸನ್‌ಗೆ ನಾನು ಹೇಳುವ ದಾರಿ ಬೇರೆ.

ಲಿಬ್‌ಪಿಕ್ಯೂ ಎಲ್ಲಿ ಹುಟ್ಟಿ ಬೆಳೆದಿದೆಯೋ ಅಲ್ಲೇ ಇರಲಿ. ಆಫೀಸಿನ ಲಿನಕ್ಸ್‌ಗೆ ಪ್ಲಾನ್9ಪೋರ್ಟ್ (ಪ್ಲಾನ್ 9ರ ಪ್ರೋಗ್ರಾಂಗಳ ಯುನಿಕ್ಸ್ ರೂಪ) ಹಾಕಿಕೋ. ಅದರಲ್ಲಿ ಲಿಬ್9ಪಿ ಇದೆ. 9ಪಿ ಅಂದ್ರೆ ಪ್ಲಾನ್ 9 ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಪ್ರೋಟೋಕಾಲ್. ಲಿಬ್9ಪಿ ಮತ್ತು ಲಿಬ್‌ಪಿಕ್ಯೂ ಎರಡನ್ನೂ ಸೇರಿಸಿ ಒಂದು ಚಿಕ್ಕ ಫೈಲ್ ಸರ್ವರ್ ಬರೆ. ಒಂದು ಕಡೆ ಪೋಸ್ಟ್‌ಗ್ರೆಸ್, ಇನ್ನೊಂದು ಕಡೆ 9ಪಿ. ಗೇಟಿನಿಂದ 564ನೇ ಪೋರ್ಟ್‌ಗೆ ಎಸ್‌ಆರ್‌ವಿ (ಸರ್ವರ್‌ಗೆ ಸಂಪರ್ಕ ಕಟ್ಟುವ ಆಜ್ಞೆ) ಓಡಿಸಿ /ಎನ್/ಕಾಟಾ ಅಂತ ಮೌಂಟ್ ಮಾಡು. ಒಳಗೆ ಚೀಟಿ ಅಂತ ಒಂದು ಫೈಲ್. ಅದಕ್ಕೆ ಒಂದು ಸಾಲು ಬರೆದರೆ ಟೇಬಲ್‌ಗೆ ಒಂದು ಸಾಲು ಸೇರಬೇಕು. ಬಾಕಿ ಅಂತ ಇನ್ನೊಂದು ಫೈಲ್. ಅದನ್ನು ಕ್ಯಾಟ್ ಮಾಡಿದರೆ ಒಳಗೆ ಹೋಗಿ ಇನ್ನೂ ಖಾಲಿ ತೂಕ ಆಗದ ಗಾಡಿಗಳ ಪಟ್ಟಿ ಬರಬೇಕು. ಕಾಟಾದ ಡಬ್ಬಿ ನಿನಗೆ ಫೈಲ್ ಆಗಿ ಸಿಕ್ಕಿತು ಅಂತ ಖುಷಿಪಟ್ಟೆ ಅಲ್ವಾ? ಡೇಟಾಬೇಸ್ ಕೂಡ ಹಾಗೇ ಸಿಗಲಿ. 9ಪಿಯಲ್ಲಿ ಇರುವುದೇ 13 ಬಗೆಯ ಕೋರಿಕೆ, ಅದರಲ್ಲೂ ಬಹಳಷ್ಟನ್ನು ಲೈಬ್ರರಿಯೇ ನೋಡಿಕೊಳ್ಳುತ್ತದೆ. ಇದೇನು ಮ್ಯೂಸಿಯಂ ವಸ್ತು ಅಂದುಕೊಳ್ಳಬೇಡ. ಕ್ಯುಇಎಮ್‌ಯು ವರ್ಚುವಲ್ ಮಷೀನ್‌ಗೆ ಫೋಲ್ಡರ್ ಹಂಚುವುದು, ವಿಂಡೋಸ್‌ನಿಂದ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗಿನ ಲಿನಕ್ಸ್) ಫೈಲ್‌ಗಳನ್ನು ತೆರೆಯುವುದು, ಎರಡರಲ್ಲೂ 9ಪಿ ಇದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಯಾವ ಎಸ್‌ಕ್ಯೂಎಲ್ ಬರೆದರೂ ಓಡಿಸುವ ಕ್ವೆರಿ ಅನ್ನೋ ಫೈಲ್ ಇಡಬೇಡ. ಕೈ ತುರಿಸುತ್ತದೆ, ಆದರೂ ಬೇಡ. ಗೇಟಿನಲ್ಲಿ ಯಾರು ಯಾರೋ ಬಂದು ಕೂರುತ್ತಾರೆ.

ಗೂಗಿ ಹಕ್ಕಿ, ಯಾದಗಿರಿ

ಭೀಮಾತೀರ ಸರ್ ಬರೆದದ್ದು ಚೆನ್ನಾಗಿದೆ. ಇನ್ನೊಂದು ದಾರಿಯೂ ಇದೆ. ಗೋ ಭಾಷೆಗೆ ಪ್ಲಾನ್ 9 ಒಂದು ಅಧಿಕೃತ ಟಾರ್ಗೆಟ್. ನಿಮ್ಮ ಲಿನಕ್ಸ್‌ನಲ್ಲೇ ಕೂತು ಜಿಓಓಎಸ್‌ಗೆ ಪ್ಲಾನ್9, ಜಿಓಆರ್ಚ್‌ಗೆ ಎಎಮ್‌ಡಿ64 ಅಂತ ಕೊಟ್ಟು ಬಿಲ್ಡ್ ಮಾಡಿದರೆ ಅಲ್ಲಿ ಓಡುವ ಒಂದೇ ಒಂದು ಬೈನರಿ ಸಿಗುತ್ತದೆ. ಪೋಸ್ಟ್‌ಗ್ರೆಸ್‌ಗೆ ಪೂರ್ತಿ ಗೋದಲ್ಲೇ ಬರೆದ ಡ್ರೈವರ್‌ಗಳಿವೆ. ಅವು ಲಿಬ್‌ಪಿಕ್ಯೂ ಕೇಳುವುದಿಲ್ಲ, ಪೋಸ್ಟ್‌ಗ್ರೆಸ್‌ನ ತಂತಿ ಭಾಷೆಯನ್ನು (ನೆಟ್‌ವರ್ಕ್ ಪ್ರೋಟೋಕಾಲ್) ನೇರವಾಗಿ ಮಾತಾಡುತ್ತವೆ.

ಆ ತಂತಿ ಭಾಷೆ ಅಂಥ ಕಷ್ಟವೇನಲ್ಲ. ನಾನು ಡಿಪ್ಲೊಮಾ ಮಕ್ಕಳಿಗೆ ಪಾಠ ಮಾಡುವಾಗ ಪ್ಯಾಕೆಟ್ ಹಿಡಿದು ತೋರಿಸುತ್ತೇನೆ. ಮೊದಲು ಉದ್ದ ಮತ್ತು ಆವೃತ್ತಿ ಹೇಳುವ ಒಂದು ಶುರುವಿನ ಸಂದೇಶ. ಆವೃತ್ತಿ 3.0 ಅನ್ನೋದು ಅಲ್ಲಿ 196608 ಅಂತ ಹೋಗುತ್ತದೆ, ಅಂದ್ರೆ 3 ಇಂಟು 65536. ಆಮೇಲಿನ ಪ್ರತಿ ಸಂದೇಶಕ್ಕೂ ತಲೆಯಲ್ಲಿ ಒಂದು ಅಕ್ಷರ, ಅದರ ಹಿಂದೆ 4 ಬೈಟ್ ಉದ್ದ. ಕ್ಯೂ ಅಂದ್ರೆ ಕ್ವೆರಿ, ಡಿ ಅಂದ್ರೆ ಒಂದು ಸಾಲು ಡೇಟಾ, ಝಡ್ ಅಂದ್ರೆ ನಾನು ತಯಾರು, ಮುಂದಿನದು ಕಳಿಸು. 2003ರಲ್ಲಿ 7.4 ಜತೆ ಬಂದ ಈ ಮೂರನೇ ಆವೃತ್ತಿಯೇ ಇವತ್ತಿಗೂ ನಡೆಯುತ್ತಿದೆ. ಕಷ್ಟ ಇರೋದು ಪಾಸ್‌ವರ್ಡ್ ಭಾಗದಲ್ಲಿ. ಪೋಸ್ಟ್‌ಗ್ರೆಸ್ 14ರಿಂದ ಸ್ಕ್ರಾಮ್ ಎಸ್‌ಎಚ್‌ಎ 256 ಅನ್ನೋ ಪಾಸ್‌ವರ್ಡ್ ಪದ್ಧತಿ ತಾನಾಗಿಯೇ ಬರುತ್ತದೆ. ಡ್ರೈವರ್ ಇದ್ದರೆ ಅದೇ ನೋಡಿಕೊಳ್ಳುತ್ತದೆ. ನೀವೇ ಸಿಯಲ್ಲಿ ಬರೆಯುವುದಾದರೂ 9ಫ್ರಂಟ್‌ನ ಲಿಬ್‌ಸೆಕ್ ಲೈಬ್ರರಿಯಲ್ಲಿ ಅದಕ್ಕೆ ಬೇಕಾದ ಎಚ್‌ಮ್ಯಾಕ್ ಮತ್ತು ಪಿಬಿಕೆಡಿಎಫ್2 ಅನ್ನೋ ಲೆಕ್ಕಗಳು ಎರಡೂ ಇವೆ.

ಪಾಸ್‌ವರ್ಡನ್ನು ಸ್ಕ್ರಿಪ್ಟ್‌ನಲ್ಲಿ ಬರೆಯಬೇಡಿ, ಪ್ಲಾನ್ 9ರಲ್ಲಿ ಪಾಸ್‌ವರ್ಡ್ ಕಾಯುವ ಫ್ಯಾಕ್ಟೋಟಮ್‌ನಲ್ಲಿ ಇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಗೇಟಿಗೆ ಅಂತ ಬೇರೆ ರೋಲ್ ಮಾಡಿ. ಅದಕ್ಕೆ ಚೀಟಿ ಟೇಬಲ್‌ಗೆ ಸೇರಿಸುವ ಹಕ್ಕು, ಬಾಕಿ ವ್ಯೂ ಓದುವ ಹಕ್ಕು, ಎರಡೇ ಸಾಕು. ಅಳಿಸುವ ಹಕ್ಕು ಯಾಕೆ ಬೇಕು ಹೇಳಿ?

ಬಿದರಿ ಬಿಟ್, ಬೀದರ್

ನಿಮ್ಮದೆಲ್ಲ ದೊಡ್ಡವರ ಮಾತು. 9ಫ್ರಂಟ್‌ನಲ್ಲಿ ಎಸ್‌ಎಸ್‌ಎಚ್ (ದೂರದ ಮಷೀನ್‌ಗೆ ಲಾಗಿನ್ ಆಗುವ) ಕ್ಲೈಂಟ್ ಇದೆ ತಾನೇ? ಎಸ್‌ಎಸ್‌ಎಚ್‌ನಲ್ಲಿ ಲಿನಕ್ಸ್‌ಗೆ ಹೋಗಿ ಅಲ್ಲಿನ ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ನ ಕಮಾಂಡ್ ಪ್ರೋಗ್ರಾಂ) ಓಡಿಸಿದರೆ ಆಯ್ತು. ಒಂದು ಸಾಲು. ಪೋರ್ಟೂ ಇಲ್ಲ, ಸರ್ವರೂ ಇಲ್ಲ.

ಭೀಮಾತೀರ, ಶಹಾಬಾದ್

ಬೀದರ್ ತಮ್ಮಾ, ನೀನು ಹೇಳಿದ್ದು ನಡೆಯುತ್ತದೆ, ನಾಳೆ ಬೆಳಿಗ್ಗೆಯೇ ನಡೆಯುತ್ತದೆ. ಆದರೆ ಗಾಡಿ ನಂಬರ್ ಕೋಟ್ ಚಿಹ್ನೆಗಳನ್ನು ದಾಟಿಕೊಂಡು ಪ್ಲಾನ್ 9ರ ಆರ್‌ಸಿ ಶೆಲ್, ಲಿನಕ್ಸ್‌ನ ಬ್ಯಾಶ್ ಶೆಲ್, ಎಸ್‌ಕ್ಯೂಎಲ್ ಮೂರನ್ನೂ ಹಾಯಬೇಕು. ಎಲ್ಲಾದರೂ ಒಂದು ಕಡೆ ಮುರಿಯುತ್ತದೆ. ಗೇಟಿನ ಮಷೀನ್‌ಗೆ ಆಫೀಸಿನ ಸರ್ವರ್‌ನಲ್ಲಿ ಶೆಲ್ ಕೊಟ್ಟ ಹಾಗೂ ಆಗುತ್ತದೆ. ನನಗೆ ಅದು ಸೇರುವುದಿಲ್ಲ. ತಾತ್ಕಾಲಿಕಕ್ಕೆ ಇರಲಿ.

ಯಾದಗಿರಿ ತಂಗಿಯ ಗೋ ದಾರಿಗೆ ನನ್ನ ತಕರಾರಿಲ್ಲ. ಆಫೀಸಿನ ಲಿನಕ್ಸ್ ಮುಟ್ಟಲು ಬಿಡದಿದ್ದರೆ ಅದೇ ಸರಿ.

ಕಾಟಾಮನಿ ಹುಡುಗ, ಕಲಬುರಗಿ

ಎಲ್ಲರಿಗೂ ದೊಡ್ಡ ನಮಸ್ಕಾರ. ಲಿನಕ್ಸ್‌ನಲ್ಲಿ 9ಪಿ ಸರ್ವರ್ ಬರೆದೆ, ಗೇಟಿನಿಂದ ಮೌಂಟ್ ಆಯಿತು. ಎಕೋ ಮಾಡಿ ಚೀಟಿ ಫೈಲಿಗೆ ಹಾಕಿದ ಸಾಲು ಆಫೀಸಿನ ಲಿಬ್ರೆಆಫೀಸ್‌ನಲ್ಲಿ ಕಂಡಾಗ ಮುನೀಮರು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಲ್ಲಿದೆ. ಅವರ ಮೊದಲ ಪ್ರಶ್ನೆ, ಇದಕ್ಕೆ ವರ್ಷಕ್ಕೆ ಎಷ್ಟು ದುಡ್ಡು ಕಟ್ಟಬೇಕು ಅಂತ.

ಎರಡು ಗಂಟು ಉಳಿದಿವೆ.

ಒಂದು, ತಪ್ಪು ಹಿಡಿಯೋದು. ಚೀಟಿ ಫೈಲಿಗೆ ಬರೆದದ್ದನ್ನು ಸರ್ವರ್ ತನ್ನಲ್ಲಿ ಕೂಡಿಟ್ಟುಕೊಂಡು, ಫೈಲ್ ಮುಚ್ಚಿದಾಗ ಪೋಸ್ಟ್‌ಗ್ರೆಸ್‌ಗೆ ಸೇರಿಸುತ್ತದೆ. ಮಧ್ಯಾಹ್ನ ಕರೆಂಟ್ ಹೋಗಿ ಆಫೀಸಿನ ಸ್ವಿಚ್ ಸತ್ತಿತ್ತು. ಸ್ವಿಚ್‌ಗೆ ಯುಪಿಎಸ್ ಇಲ್ಲ. ಗೇಟಿನಲ್ಲಿ ಕೆಲವು ಗಾಡಿಗಳ ತೂಕ ಆಯಿತು. ಕೆಲವು ಚೀಟಿ ಎರಡು ಸಲ ಸೇರಿವೆ, ಒಂದು ಸೇರೇ ಇಲ್ಲ. ಸ್ಕ್ರಿಪ್ಟ್ ಮಾತ್ರ ಎಲ್ಲ ಸರಿ ಅನ್ನುತ್ತದೆ.

ಎರಡು, ಕನ್ನಡ. ಡ್ರೈವರ್ ಹೆಸರು, ರೈತರ ಹೆಸರು ಕನ್ನಡದಲ್ಲೇ ಟೇಬಲ್‌ನಲ್ಲಿವೆ. ಗೇಟಿನ ಪರದೆಯಲ್ಲಿ ಬಾಕಿ ಪಟ್ಟಿ ತೆಗೆದರೆ ಬಸವ ಅನ್ನೋದು ಮುತ್ತಿನಂತೆ ಕಾಣುತ್ತದೆ. ಮಲ್ಲಪ್ಪ ಒಡೆದು ಹೋಗುತ್ತಾನೆ. ಒತ್ತಕ್ಷರ ಕೆಳಗೆ ಕೂರುವ ಬದಲು ಪಕ್ಕಕ್ಕೆ ಬಂದು ನಿಲ್ಲುತ್ತದೆ. ಡೇಟಾ ಹಾಳಾಗಿದೆಯಾ ಅಂತ ಹೆದರಿಕೆ.

ಭೀಮಾತೀರ, ಶಹಾಬಾದ್

ಮೊದಲನೆಯದು. 9ಪಿಯಲ್ಲಿ ಫೈಲ್ ಮುಚ್ಚುವುದಕ್ಕೆ ಕ್ಲಂಕ್ ಅಂತ ಕೋರಿಕೆ. ಅಲ್ಲಿ ಸರ್ವರ್ ತಪ್ಪು ಅಂತ ಹೇಳಿದರೂ ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲ. ಪ್ರೋಗ್ರಾಂ ಆಗಲೇ ಬೆನ್ನು ತಿರುಗಿಸಿ ಹೊರಟಿರುತ್ತದೆ. ಹಾಗಾಗಿ ಸೇರಿಸುವ ಕೆಲಸ ಕ್ಲಂಕ್‌ನಲ್ಲಿ ಬೇಡ, ರೈಟ್‌ನಲ್ಲೇ ಮಾಡು. ಒಂದು ರೈಟ್ ಬಂದರೆ ಒಂದು ಟ್ರಾನ್ಸಾಕ್ಷನ್. ಪೋಸ್ಟ್‌ಗ್ರೆಸ್ ಕಮಿಟ್ ಆಯಿತು ಅಂದ ಮೇಲೆಯೇ ರೈಟ್‌ಗೆ ಉತ್ತರ ಕೊಡು. ಆಗಲಿಲ್ಲವೇ, ಪೋಸ್ಟ್‌ಗ್ರೆಸ್ ಕೊಟ್ಟ ತಪ್ಪಿನ ವಾಕ್ಯವನ್ನೇ ಎರರ್ ಆಗಿ ವಾಪಸ್ ಕಳಿಸು. ಪ್ಲಾನ್ 9ನಲ್ಲಿ ತಪ್ಪಿಗೆ ನಂಬರ್ ಇಲ್ಲ, ಮಾತೇ ಇರುವುದು. ಆ ವಾಕ್ಯ ಹಾಗೇ ಗೇಟಿನ ಪರದೆ ಮೇಲೆ ಬರುತ್ತದೆ. ಪ್ಲಾನ್ 9ರ ಎಕೋ ಇಡೀ ಸಾಲನ್ನು ಒಂದೇ ರೈಟ್‌ನಲ್ಲಿ ಕಳಿಸುತ್ತದೆ, ಚೀಟಿ ಸಾಲು ಚಿಕ್ಕದು, ಆದ್ದರಿಂದ ಅರ್ಧಕ್ಕೆ ಮುರಿಯುವ ಭಯ ಇಲ್ಲ.

ಎರಡು ಸಲ ಸೇರಿದ್ದು ಯಾಕೆ ಅಂದ್ರೆ, ಪೋಸ್ಟ್‌ಗ್ರೆಸ್‌ನಲ್ಲಿ ಸೇರಿದೆ, ಸೇರಿದೆ ಅನ್ನೋ ಉತ್ತರ ದಾರಿಯಲ್ಲಿ ಸತ್ತಿದೆ, ಆ ಚೀಟಿಯನ್ನು ಮತ್ತೆ ಕಳಿಸಿದ್ದೀರಿ. ಇದನ್ನು ಯಾವ ಪ್ರೋಟೋಕಾಲ್‌ನಿಂದಲೂ ಪೂರ್ತಿ ತಪ್ಪಿಸಲು ಆಗುವುದಿಲ್ಲ. ಎರಡನೇ ಸಲ ಬಂದದ್ದು ನೋವು ಕೊಡದ ಹಾಗೆ ಮಾಡಬೇಕು. ಚೀಟಿ ನಂಬರ್ ಈಗ ಎಲ್ಲಿ ಹುಟ್ಟುತ್ತಿದೆ? ಪೋಸ್ಟ್‌ಗ್ರೆಸ್ ಸೀಕ್ವೆನ್ಸ್‌ನಲ್ಲಿ ಅಂತ ನನ್ನ ಅಂದಾಜು. ಅಲ್ಲಿ ಬೇಡ. ನಂಬರ್ ಗೇಟಿನಲ್ಲೇ ಹುಟ್ಟಬೇಕು. ತಾರೀಖು ಮತ್ತು ಆ ದಿನದ ಕ್ರಮಸಂಖ್ಯೆ ಸೇರಿಸು, ಟೇಬಲ್‌ನಲ್ಲಿ ಅದಕ್ಕೆ ಯುನೀಕ್ ಕಟ್ಟು. ಇನ್ಸರ್ಟ್ ಕೊನೆಗೆ ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್ ಹಾಕು. 2016ರಲ್ಲಿ 9.5 ಜತೆ ಬಂದ ಸೌಲಭ್ಯ, ನಿನ್ನಲ್ಲಿ ಖಂಡಿತ ಇರುತ್ತದೆ. ಆಮೇಲೆ ಅದೇ ಚೀಟಿ ಎಷ್ಟು ಸಲ ಬಂದರೂ ಒಂದೇ ಸಾಲು.

ಕಳೆದುಹೋದ ಚೀಟಿಗೆ ಮದ್ದು ಗೇಟಿನಲ್ಲೇ ಇದೆ. ಪ್ರತಿ ಚೀಟಿಯನ್ನೂ ಮೊದಲು ಅಲ್ಲಿನ ಡಿಸ್ಕ್‌ನಲ್ಲಿ ಒಂದೊಂದು ಫೈಲ್ ಆಗಿ ಬರೆ. ಮೌಂಟ್‌ಗೆ ಬರೆದು ಸರಿ ಅಂತ ಬಂದ ಮೇಲೆ ಮಾತ್ರ ಅಳಿಸು. ಇನ್ನೊಂದು ಲೂಪ್ ಆ ಫೋಲ್ಡರನ್ನು ಆಗಾಗ ನೋಡುತ್ತಾ ಉಳಿದದ್ದನ್ನು ಕಳಿಸುತ್ತಿರಲಿ. ಸಂಪರ್ಕ ಕಡಿದ ಮೌಂಟ್ ತಾನಾಗಿ ಏಳುವುದಿಲ್ಲ. ಹಂಗಪ್ ಅಂತ ಎರರ್ ಬಂದರೆ ಅನ್‌ಮೌಂಟ್ ಮಾಡಿ ಹೊಸದಾಗಿ ಎಸ್‌ಆರ್‌ವಿ ಓಡಿಸುವುದನ್ನೂ ಆ ಲೂಪ್‌ನಲ್ಲೇ ಸೇರಿಸು. ಆ ಸ್ವಿಚ್‌ಗೆ ಒಂದು ಯುಪಿಎಸ್ ಕೊಡಿಸಲು ಸಾಹುಕಾರರಿಗೂ ಹೇಳು. ಅದು ಕೋಡ್‌ನಿಂದ ಆಗುವ ಕೆಲಸ ಅಲ್ಲ.

ಗೂಗಿ ಹಕ್ಕಿ, ಯಾದಗಿರಿ

ಕನ್ನಡದ್ದು ನಾನು ಹೇಳುತ್ತೇನೆ. ಡೇಟಾ ಹಾಳಾಗಿಲ್ಲ, ಹೆದರಬೇಡಿ. ಯುಟಿಎಫ್ 8 ಹುಟ್ಟಿದ್ದೇ ಪ್ಲಾನ್ 9ಕ್ಕಾಗಿ, 1992ರಲ್ಲಿ, ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಕೈಯಲ್ಲಿ. ಕನ್ನಡದ ಪ್ರತಿ ಸಂಕೇತಕ್ಕೂ ಅದರಲ್ಲಿ 3 ಬೈಟ್. ಅವು ಎಲ್ಲೂ ಕಳೆಯುವುದಿಲ್ಲ. ತೊಂದರೆ ಇರೋದು ಬಿಡಿಸುವಲ್ಲಿ. ಪ್ಲಾನ್ 9 ಪರದೆ ಒಂದು ಸಂಕೇತಕ್ಕೆ ಒಂದು ಚಿತ್ರ ಅಂತ ಸಾಲಾಗಿ ಇಡುತ್ತಾ ಹೋಗುತ್ತದೆ. ಪ, ವಿರಾಮ, ಪ ಮೂರೂ ಸೇರಿ ಪ್ಪ ಆಗಬೇಕು ಅನ್ನೋ ಲೆಕ್ಕ ಅದಕ್ಕೆ ಇಲ್ಲ. ಲಿನಕ್ಸ್‌ನಲ್ಲಿ ಆ ಕೆಲಸವನ್ನು ಹಾರ್ಫ್‌ಬಜ್ ಅನ್ನೋ ಲೈಬ್ರರಿ ಮಾಡುತ್ತದೆ. ಬಸವದಲ್ಲಿ ಕಾಗುಣಿತವೂ ಇಲ್ಲ, ಒತ್ತೂ ಇಲ್ಲ, ಅದಕ್ಕೇ ಬಚಾವ್.

ನೀವು ನೋಡಿಕೊಳ್ಳಬೇಕಾದ್ದು ಒಂದೇ. ಬಾಕಿ ಪಟ್ಟಿ ಉದ್ದ ಆದಾಗ ಒಂದು ರೀಡ್‌ನ ಕೊನೆಯಲ್ಲಿ 3 ಬೈಟ್‌ನ ಅಕ್ಷರ ನಡುವೆ ಕತ್ತರಿಸಬಹುದು. ಓದುವ ಪ್ರೋಗ್ರಾಂ ಸಿಯಲ್ಲಿದ್ದರೆ ನೇರ ರೀಡ್ ಬಳಸಬೇಡಿ, ಬಯೊ ಲೈಬ್ರರಿಯಿಂದ ಸಾಲು ಸಾಲಾಗಿ ಓದಿ. ಹೆಸರಿನ ಕಾಲಂಗೆ ಅಗಲ ಕೊಡುವಾಗಲೂ ಬೈಟ್ ಲೆಕ್ಕ ಹಾಕಬೇಡಿ.

ಗೇಟಿನ ಪರದೆಯಲ್ಲಿ ಹೆಸರು ಬೇಕೇ ಬೇಕಾ? ಗಾಡಿ ನಂಬರ್ ಮತ್ತು ತೂಕ ದೊಡ್ಡದಾಗಿ ತೋರಿಸಿ. ಹೆಸರಿರುವ ಚೀಟಿಯನ್ನು ಲಿನಕ್ಸ್ ಕಡೆಯಿಂದ ಪ್ರಿಂಟ್ ಮಾಡಿಸಿ. ಪ್ರಿಂಟ್ ಅನ್ನೋ ಇನ್ನೊಂದು ಫೈಲ್ ಇಟ್ಟು, ಅದಕ್ಕೆ ಚೀಟಿ ನಂಬರ್ ಬರೆದರೆ ಸರ್ವರ್ ಪ್ರಿಂಟರ್‌ಗೆ ಕಳಿಸಲಿ.

ಕಾಟಾಮನಿ ಹುಡುಗ, ಕಲಬುರಗಿ

ಅಕ್ಕಾ, ಪ್ರಿಂಟ್ ಫೈಲ್ ಕೆಲಸ ಮಾಡಿತು. ಮಲ್ಲಪ್ಪ ಕಾಗದದ ಮೇಲೆ ಸರಿಯಾಗಿ ಬಂದ. ಸರ್, ರೈಟ್‌ನಲ್ಲೇ ಕಮಿಟ್ ಮಾಡಿದೆ, ನಂಬರ್ ಗೇಟಿಗೆ ತಂದೆ. ಬೇಕಂತಲೇ ಸ್ವಿಚ್‌ನ ಪ್ಲಗ್ ಕಿತ್ತು, ಹಾಕಿ, ಮತ್ತೆ ಕಿತ್ತು ನೋಡಿದೆ. ಚೀಟಿಗಳು ಫೋಲ್ಡರ್‌ನಲ್ಲಿ ಕಾದು ಕೂತು, ಸ್ವಿಚ್ ಬಂದ ಮೇಲೆ ಒಂದೊಂದಾಗಿ ಹೋದವು. ಡಬಲ್ ಇಲ್ಲ. ಯುಪಿಎಸ್‌ಗೆ ಸಾಹುಕಾರರು ನೋಡೋಣ ಅಂದಿದ್ದಾರೆ.

ಸರ್ವರ್ ಕೋಡ್ ಕೇಳಿ ಇನ್‌ಬಾಕ್ಸ್‌ಗೆ ಕೆಲವರು ಬರೆದಿದ್ದೀರಿ. ಟೇಬಲ್ ಹೆಸರು, ಐಪಿ ಎಲ್ಲ ತೆಗೆದು ಈ ವಾರ ಇಲ್ಲೇ ಹಾಕುತ್ತೇನೆ.

ಬಿದರಿ ಬಿಟ್, ಬೀದರ್

ಹಾಕು ದೋಸ್ತ್. ನನ್ನ ಡೆಬಿಯನ್‌ನಿಂದಲೂ ಅದನ್ನು ಮೌಂಟ್ ಮಾಡಬಹುದಲ್ಲ, ಲಿನಕ್ಸ್ ಕರ್ನಲ್‌ನಲ್ಲೇ 9ಪಿ ಇದೆ. ನಮ್ಮ ಸಂಬಂಧಿಕರದ್ದು ಹುಮನಾಬಾದ್‌ನಲ್ಲಿ ಒಂದು ಕಾಟಾ ಇದೆ, ಅಲ್ಲಿ ಟ್ರೈ ಮಾಡುತ್ತೇನೆ.